ಮೋಟ್ರಮ್ಮ

"ಕರೆಂಟ್ ಇಲ್ಲ ರೀ," ಎಂದಿತು ಫೋನಿನೊಳಗಿನ ಹೆಣ್ಣುದನಿ. ತಿಪ್ಪೇಶ ಹಲ್ಲು ಕಡಿದು ಮತ್ತೆ ಅದೇ ನಂಬರ್ ಒತ್ತಿದ. ಅಂಗಳದಲ್ಲಿ ಅಣ್ಣನ ಹೆಣ ಮಲಗಿತ್ತು. ಮೀಯಿಸಲು ಹಂಡೆ ತುಂಬ ನೀರು ಬೇಕಿತ್ತು, ಬೋರು ಓಡುತ್ತಿರಲಿಲ್ಲ. ಹಟ್ಟಿಯಿಂದ ಹೊರಗೆ ಬಿಡದ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು.

"ಮೋಟ್ರಮ್ಮ ಏನಂತಾಳೋ?" ಪಕ್ಕದ ಮನೆಯ ಬಂಗಾರಪ್ಪ ಕೇಳಿದ.

"ಇಲ್ವಂತೆ."

"ಮಾಡಿಟ್ಟೋನೇ ಹೋದ್ಮೇಲೆ ಅವಳಾದ್ರೂ ಏನ್ ಮಾಡ್ತಾಳೆ ಬಿಡು."

ಕುಪ್ಪಗಡ್ಡೆ ಸುತ್ತಿನ ರೈತರಿಗೆ ಮೋಟ್ರಮ್ಮ ಮನೆಯವಳೇ ಆಗಿಬಿಟ್ಟಿದ್ದಳು. ಪಂಪ್‌ಸೆಟ್ಟಿನ ಗೋಡೆಗೆ ಬಡಿದ ಬಿಳಿ ಪೆಟ್ಟಿಗೆಗೆ ಫೋನ್ ಮಾಡಿದರೆ ಮೋಟರ್ ಹಚ್ಚುತ್ತಾಳೆ, ಆರಿಸುತ್ತಾಳೆ, ಕರೆಂಟ್ ಬಂದರೆ ತಾನೇ ಫೋನ್ ಮಾಡಿ ಹೇಳುತ್ತಾಳೆ. ಆ ಪೆಟ್ಟಿಗೆಗಳನ್ನು ಮಾಡಿದ ಮಾಳೇಶ ಮಾತ್ರ ಯಾರ ಜೊತೆಗೂ ನೆಟ್ಟಗೆ ನಾಲ್ಕು ಮಾತಾಡಿದವನಲ್ಲ. ನಿನ್ನೆ ಸಂಜೆ ಬೆಸುಗೆ ಹಾಕುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದ. ಬದುಕಿದ್ದಂತೆಯೇ ಸದ್ದಿಲ್ಲದೆ ಸತ್ತ, ಪುಣ್ಯಾತ್ಮ.

ಸೊರಬದ ಬಸ್ಸಿಳಿದ ಹೆಂಗಸೊಬ್ಬಳು ಅಂಗಳದ ಅಂಚಿಗೆ ಬಂದು ನಿಂತಳು.

"ಒಂದ್ಸಲ ಮುಖ ನೋಡಬಹುದಾ ರೀ?"

ಎಲ್ಲರೂ ತಿರುಗಿದರು. ಬಂಗಾರಪ್ಪ ಬೆಪ್ಪಾಗಿ ತಿಪ್ಪೇಶನ ಕೈಯ ಫೋನ್ ನೋಡಿದ. ಫೋನ್ ಸುಮ್ಮನಿತ್ತು.

"ನಾನು ನಾಗವೇಣಿ. ಇವರ ಹೆಂಡ್ತಿ."

ತಿಪ್ಪೇಶನಿಗೆ ಗುರುತು ಹತ್ತಿತ್ತು. ಶಿಕಾರಿಪುರದಲ್ಲಿ ಅಣ್ಣ ರಿಜಿಸ್ಟರ್ ಮದುವೆಯಾದಾಗ ಸಾಕ್ಷಿಗೆ ಸಹಿ ಹಾಕದೆ ಎದ್ದು ಬಂದವನು ಅವನೇ. ಬೇರೆ ಜಾತಿಯವಳೆಂದು ಮನೆಯಲ್ಲಿ ಮತ್ಯಾರೂ ಅವಳ ಮುಖ ನೋಡಿರಲಿಲ್ಲ.

"ಇಷ್ಟ್ ವರ್ಷ ಇತ್ಲಾಗೆ ತಲೆ ಹಾಕಿಲ್ಲ. ಈಗ ಎಂಥ ಹೆಂಡ್ತಿ? ತಾಳಿ ಇಲ್ಲ, ಬಳೆ ಇಲ್ಲ. ಬಂದ ದಾರಿ ಹಿಡೀರಿ."

"ಮಣ್ಣು ಮಾಡೋ ಮುಂಚೆ ಹೆಂಡ್ತಿ ಅಂತ ಒಂದ್ ತಂಬಿಗೆ ನೀರು ಹಾಕ್ತೀನಿ. ಇನ್ನೇನೂ ಬೇಡ ನಂಗೆ."

"ಆಗಲ್ಲ ಅಂದ್ರೆ ಆಗಲ್ಲ!"

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ತಿಪ್ಪೇಶ ಎತ್ತಿದ. ಸ್ಪೀಕರ್ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿತು: "ಕರೆಂಟ್ ಬಂತು ರೀ."

ಜನ ನಾಗವೇಣಿಯ ಬಾಯಿ ನೋಡಿದರು. ಅದು ಮುಚ್ಚಿತ್ತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಅವಳೇ.

*

ಶಿಕಾರಿಪುರದ ಬಾಡಿಗೆ ಕೋಣೆಯಲ್ಲಿ ಮಾಳೇಶ ಹುಣಸೆಬೀಜದಷ್ಟು ಕಪ್ಪು ಚಿಪ್ ಒಂದನ್ನು ಅವಳ ಅಂಗೈಗಿಟ್ಟಿದ್ದ.

"ಹಿಂದೆ ಕಂಪ್ಯೂಟರ್ ಅಂದ್ರೆ ಒಂದ್ ದೊಡ್ಡ ಕೋಣೆ ತುಂಬ ಇರ್ತಿತ್ತು. ಈಗ ಇದ್ರೊಳಗೆ ಕೂತಿದೆ."

"ಅದಕ್ಕೂ ಹಿಂದೆ?"

"ಅದಕ್ಕೂ ಹಿಂದೆ ಕಂಪ್ಯೂಟರ್ ಅಂದ್ರೆ ಮನುಷ್ಯರೇ. ಕೂತು ಲೆಕ್ಕ ಮಾಡೋರು. ಹೆಂಗಸರೂ ಬೇಕಾದಷ್ಟು ಜನ ಇದ್ರು."

"ಹಂಗಾದ್ರೆ ಈ ಮನೆ ಕಂಪ್ಯೂಟರ್ ನಾನೇ ಅನ್ನಿ."

ಅವನು ನಕ್ಕ. ನಕ್ಕರೆ ಚೆಂದ ಕಾಣುತ್ತಿದ್ದ, ನಗುತ್ತಿದ್ದದ್ದೇ ಅಪರೂಪ. ಆಮೇಲೆ ಸಣ್ಣ ಮೈಕು ಅವಳ ಬಾಯಿಗೆ ಹಿಡಿದ. "'ಕರೆಂಟ್ ಬಂತು' ಅನ್ನು."

"ಕರೆಂಟ್ ಬಂತು ರೀ."

"ರೀ ಬೇಡ ಮಾರಾಯ್ತಿ. ಚಿಪ್‌ನಲ್ಲಿ ಜಾಗ ಸಾಲಲ್ಲ. ರೈತರಿಗೆ ಹೇಳೋ ಮಾತು ಅದು."

"ನಾನು ನಿಮಗಲ್ವಾ ಹೇಳ್ತಿರೋದು?"

ಎಷ್ಟು ಸಲ ಹೇಳಿಸಿದರೂ ರೀ ಬಂತು. ಆಮೇಲೆ ಕತ್ತರಿಸುತ್ತೇನೆ ಎಂದು ಮೈಕು ಎತ್ತಿಟ್ಟ.

ಅದೇ ವರ್ಷ ತಾಯಿಯ ಕಣ್ಣು ಹೋಯಿತೆಂದು ಅವನು ಊರಿಗೆ ಮರಳಿದ. ಬಾ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಬರಲಾ ಎನ್ನಲು ಅವಳಿಗೆ ಬಿಗುಮಾನ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಇವರದು ಬರೀ ಮೌನ. ಅಂಗನವಾಡಿಯ ಕೆಲಸ ಮುಗಿಸಿ ಬಂದು, ಒಬ್ಬಳೇ ಉಂಡು, ಅವನು ತನ್ನನ್ನು ಮರೆತೇಬಿಟ್ಟನೆಂದು ಅವಳು ನಂಬಿಕೊಂಡಳು.

*

"ಆ ರೀ ಕತ್ತರಿಸ್ಲೇ ಇಲ್ಲ ಇವರು," ಎಂದು ನಾಗವೇಣಿ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು.

ಹೆಣದ ತಲೆಯ ಬಳಿ ಕೂತಿದ್ದ ತಾಯಿ ಹುಚ್ಚಮ್ಮ ಗಾಳಿಯಲ್ಲಿ ಕೈ ಚಾಚಿದಳು. "ಯಾರವ್ವಾ ಅದು? ಇನ್ನೊಂದ್ಸಲ ಮಾತಾಡು."

"ನಾನು ಅಮ್ಮಾ, ನಾಗವೇಣಿ."

ಮುದುಕಿ ತಡಕಿ ಅವಳ ಕೈ ಹಿಡಿದುಕೊಂಡಳು.

"ದಿನಾ ಫೋನ್ ಮಾಡಿ ನಿನ್ ದನಿ ಕೇಳೋನು. ಗದ್ದೆ ತುಂಬಿ ಹರೀತಿದ್ರೂ ಹಚ್ಚೋನು, ಆರಿಸೋನು, ಮತ್ತೆ ಹಚ್ಚೋನು. ಯಾಕೋ ನೀರು ದಂಡ ಮಾಡ್ತೀಯ ಅಂತ ನಾನು ಬೈತಿದ್ದೆ. ಅಯ್ಯೋ ನನ್ನಪ್ಪಾ, ಬಾಯಿಬಿಟ್ಟು ಒಂದ್ ಮಾತು ಹೇಳ್ಬಾರ್ದಿತ್ತಾ?"

"ಅವ್ವಾ, ಅವಳ ಕೈಲಿ ಬಳೆನೂ ಇಲ್ಲ," ಎಂದ ತಿಪ್ಪೇಶ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಇಲ್ದಿದ್ರೆ ನಾನು ಹಾಕ್ತೀನಿ ಕಣೋ. ನೀ ಮೋಟ್ರು ಹಚ್ಚು ಹೋಗು."

ಒಳಗಿಂದ ಹಸಿರು ಗಾಜಿನ ಬಳೆ ತರಿಸಿದಳು. ತಡವರಿಸಿ ಸೊಸೆಯ ವಾಚು ಬಿಚ್ಚಿದಳು. ಬಳೆ ಸಣ್ಣವು, ಗೆಣ್ಣು ದಾಟುವಾಗ ನೋವಾಗುತ್ತಿತ್ತು. ಯಾತಕ್ಕೆ ತೊಡಿಸುತ್ತಿದ್ದಾರೆಂದು ನಾಗವೇಣಿಗೂ ಗೊತ್ತಿತ್ತು. ಕೈ ಎಳೆದುಕೊಳ್ಳಲಿಲ್ಲ.

ನೀರು ಬಂತು. ಮೊದಲ ತಂಬಿಗೆ ಅವಳೇ ಹೊಯ್ದಳು. ಮೈ ಒರೆಸಿ ಹೊಸ ಪಂಚೆ ಹೊದಿಸಿದ ಮೇಲೆ ಹೆಂಗಸರು ಬಳೆ ಒಡೆಯಲು ಕಲ್ಲು ತಂದಿಟ್ಟರು.

"ಕೈ ಕೊಡವ್ವಾ," ಎಂದಳು ಹುಚ್ಚಮ್ಮ.

"ಒಂದ್ ಗಳಿಗೆ ಇರಿ ಅತ್ತೆ."

ನಾಗವೇಣಿ ಗಂಡನ ತಲೆಯ ಬಳಿ ಬಗ್ಗಿದಳು. ಎರಡೂ ಕೈಗಳನ್ನು ಅವನ ಕಿವಿಯ ಹತ್ತಿರ ಒಯ್ದು, ಬಳೆಗಳನ್ನು ಮೆಲ್ಲಗೆ ಅಲ್ಲಾಡಿಸಿದಳು.