ಎರ್ರಪ್ಪನ ಕೋಣೆಗೆ ಇಳಿದ ಕಂಪ್ಯೂಟರ್

ಮಾರ್ಚ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಶ್ರೀಲತಾಳ ಕಂಪ್ಯೂಟರ್ ಮೂರನೆಯ ಸಲ ತಾನಾಗಿಯೇ ಆರಿಹೋಯಿತು. ಟೈಪು ಮಾಡಿದ್ದ ಎರಡು ಪುಟಗಳೂ ಅದರ ಜೊತೆಗೇ ಹೋದವು.

ಶ್ರೀಲತಾ ಆಂಧ್ರದ ಗಡಿಯೊಳಗಿನ ಬೊಮ್ಮನಹಾಳ್ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದಳು. ಹತ್ತನೆಯ ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳು. ಪರೀಕ್ಷೆಯ ತಯಾರಿಗೆ ಅಂಗಡಿಗಳಲ್ಲಿ ಸಿಗುವ ಪುಸ್ತಕಗಳೆಲ್ಲ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ಅದಕ್ಕೆ ಪ್ರಶ್ನೆಗಳನ್ನು ತಾನೇ ಕನ್ನಡದಲ್ಲಿ ಬರೆದು, ನಕ್ಷೆಗಳನ್ನು ಸೇರಿಸಿ, ಅಚ್ಚು ಹಾಕಿಸಿ ಹಂಚಬೇಕೆಂದು ಹೊರಟಿದ್ದಳು. ಇನ್ನೂ ಹನ್ನೆರಡು ಪಾಠ ಬಾಕಿಯಿತ್ತು, ಪರೀಕ್ಷೆಗೆ ಹದಿನೈದೇ ದಿನ.

ಕಂಪ್ಯೂಟರ್ ಇದ್ದದ್ದು ರಾಯದುರ್ಗದ ಅವರ ಮನೆಯ ಮಹಡಿಯ ಮೇಲೆ, ತಗಡು ಹೊದಿಸಿದ ಕೋಣೆಯಲ್ಲಿ. ಹಿಂದೆಯೇ ಗುಡ್ಡ. ಬಂಡೆ ಕಾಯುತ್ತಿದ್ದಂತೆ ಕೋಣೆಯೂ ಕಾಯುತ್ತಿತ್ತು. ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದರೆ, "ಅದು ಹಳೇದಾಗೈತ್ರಿ ಮೇಡಂ, ಹೊಸದು ತಗೊಳ್ರಿ. ನೋಡಾಕ ಬರಬೇಕಂದ್ರ ಇನ್ನ ಹತ್ತು ದಿನ ಆಗ್ತದ," ಎಂದ.

ಶ್ರೀಲತಾ ತನಗೆ ತೋಚಿದ್ದನ್ನು ಮಾಡಿದಳು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿ, ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟಳು. ತಂಪು ಗಾಳಿ ಬಂತು. ಮುಕ್ಕಾಲು ಗಂಟೆ ಕೆಲಸವೂ ಸಾಗಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ನಿಧಾನವಾಗಿ ಹತ್ತಿ ಬರುವ ಸದ್ದಾಯಿತು. ಬಂದವನು ಮಾವ, ಗಂಡನ ತಂದೆ ಎರ್ರಪ್ಪ.

ಅವಳಿಗೆ ಆಶ್ಚರ್ಯವಾಯಿತು. ಎರ್ರಪ್ಪ ಮಹಡಿ ಹತ್ತಿ ಎರಡು ವರ್ಷವೇ ಆಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವನು ಅವನು. ಸುತ್ತಲ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಕೈ ನಡುಗುವ ಕಾಯಿಲೆ ಶುರುವಾದ ಮೇಲೆ ಅಂಗಡಿ ಮುಚ್ಚಿದ. ಆಮೇಲೆ ಕೆಳಗಿನ ತನ್ನ ಕೋಣೆ ಬಿಟ್ಟು ಹೊರಗೆ ಬರುವುದನ್ನೂ ಕಡಿಮೆ ಮಾಡಿದ. ಬಂದವರ ಎದುರು ಟೀ ಲೋಟ ಹಿಡಿಯುವುದಕ್ಕೂ ನಾಚುತ್ತಿದ್ದ.

"ಫ್ಯಾನಿನ ಸದ್ದು ಒಂದ ಸವನೆ ಬರವಲ್ದು, ಏನ ಮಾಡಾಕ ಹತ್ತೀಯವಾ?" ಎನ್ನುತ್ತ ಒಳಗೆ ಬಂದವನು ಗೋಣಿಚೀಲ ನೋಡಿ ನಿಂತ. ಕಂಪ್ಯೂಟರಿನ ಡಬ್ಬಿಯ ಮೇಲೆ ಸಣ್ಣ ಸಣ್ಣ ನೀರಹನಿ ಕೂತಿದ್ದವು. "ಮೊದಲ ಪ್ಲಗ್ ಕೀಳು. ನೀರು, ಕರೆಂಟು ಒಂದ ಕಡೆ ಇಡಬಾರದು. ಇಷ್ಟು ಓದಿದಾಕಿ ನೀನು."

ಅವಳು ಪ್ಲಗ್ ಕಿತ್ತಳು. ನಾಚಿಕೆಯಾಯಿತು, ಅಳುವೂ ಬಂತು. "ಮತ್ತೇನ್ ಮಾಡ್ಲಿ ಮಾವ? ಕಾದು ಕಾದು ಆರಿಹೋಗ್ತೈತಿ. ಮಕ್ಕಳಿಗೆ ನಾನ್ ಮಾತು ಕೊಟ್ಟೀನಿ."

ಎರ್ರಪ್ಪ ಬಗ್ಗಿ ಡಬ್ಬಿಯ ಹಿಂಭಾಗಕ್ಕೆ ಅಂಗೈ ಹಿಡಿದು ನೋಡಿದ. ಆಮೇಲೆ, "ಇದರ ಮುಚ್ಚಳ ತಗಿಯಾಕ ಬರ್ತೈತೇನು?" ಎಂದು ಕೇಳಿದ.

ಮುಚ್ಚಳ ತೆಗೆದರೆ ಒಳಗೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬಿಸಿ ಹೀರುವ ಅಲ್ಯೂಮಿನಿಯಂ ತುಂಡಿನ ಹಲ್ಲುಗಳ ಸಂದಿಯೆಲ್ಲ ಮುಚ್ಚಿಹೋಗಿತ್ತು. ಎರ್ರಪ್ಪ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದ. ಅದು ಅರ್ಧ ಸುತ್ತು ಸುತ್ತಿ ನಿಂತಿತು. "ಉಸಿರು ಕಟ್ಟೈತಿ ಇದಕ್ಕ," ಎಂದ. ವಾರ್ನಿಷ್ ಹಚ್ಚುವ ಒಣ ಬ್ರಷ್ ತರಿಸಿ ಧೂಳು ಬಿಡಿಸಿದ. ಫ್ಯಾನಿನ ನಡುವೆ ಅಂಟಿಸಿದ್ದ ಕಾಗದದ ಚೀಟಿ ಎಬ್ಬಿಸಿ, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಡಲು ಹೋದ.

ಕೈ ನಡುಗಿತು. ಹನಿ ಪಕ್ಕಕ್ಕೆ ಬಿತ್ತು. ಇನ್ನೊಮ್ಮೆ ಪ್ರಯತ್ನಿಸಿದ, ಅದೂ ಪಕ್ಕಕ್ಕೇ ಬಿತ್ತು. ಎರ್ರಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿ ಏಳಲು ಹೊರಟ.

"ಮಾವ, ಕೂಡ್ರಿ," ಎಂದಳು ಶ್ರೀಲತಾ. "ನಂಗ ಕೈ ಐತಿ, ಏನ್ ಮಾಡಬೇಕಂತ ಗೊತ್ತಿಲ್ಲ. ನಿಮಗ ಗೊತ್ತೈತಿ. ನೀವ್ ಹೇಳ್ರಿ, ನಾ ಮಾಡ್ತೀನಿ."

ಅವನು ಅವಳ ಮುಖ ನೋಡಿದ. ಆಮೇಲೆ ಕೂತ.

ಅಂದು ಮಧ್ಯಾಹ್ನ ಊಟ ತಡವಾಯಿತು. ಅವನು ಹೇಳಿದ, ಅವಳು ಮಾಡಿದಳು. ಅಲ್ಯೂಮಿನಿಯಂ ತುಂಡು ಬಿಚ್ಚಿದರೆ ಅದರ ಅಡಿಗೆ ಬಿಸಿ ದಾಟಿಸಲೆಂದು ಹಚ್ಚಿದ್ದ ಪೇಸ್ಟ್ ಸುಣ್ಣದಂತೆ ಒಣಗಿ ಉದುರುತ್ತಿತ್ತು. ಸ್ಟೆಬಿಲೈಜರ್ ರಿಪೇರಿಯಲ್ಲಿ ಇಂಥದ್ದನ್ನೇ ಎರ್ರಪ್ಪ ಬಳಸುತ್ತಿದ್ದ. ಪೇಟೆಯಿಂದ ಅವಳು ತಂದ ಪುಟ್ಟ ಟ್ಯೂಬನ್ನು ನೋಡಿ, "ಬಟಾಣಿ ಕಾಳಿನಷ್ಟ ಸಾಕು. ಹೆಚ್ಚಾದ್ರ ಅದ ಬಿಸಿ ಹಿಡಕೊಂಡು ಕೂಡ್ತೈತಿ," ಎಂದ.

ಒಳಗಿನ ಬಿಸಿ ತೋರಿಸುವ ಒಂದು ಸಾಫ್ಟ್‌ವೇರನ್ನು ಅವಳು ಹಾಕಿಕೊಂಡಿದ್ದಳು. ಮೊದಲು ತೊಂಬತ್ತಾರು ಡಿಗ್ರಿ ದಾಟಿ ಆರಿಹೋಗುತ್ತಿದ್ದದ್ದು ಈಗ ಎಂಬತ್ತಕ್ಕೆ ನಿಂತಿತು. ಇಬ್ಬರಿಗೂ ಖುಷಿಯಾಯಿತು. ಆದರೆ ಮರುದಿನ ಶಾಲೆಯಿಂದ ಬಂದು ನಾಲ್ಕೂವರೆಗೆ ಕೂತರೆ, ತಗಡಿನ ಕಾವಿಗೆ ಮತ್ತೆ ತೊಂಬತ್ತು ಮುಟ್ಟಿತು.

"ಕೋಣೀನ ಒಲಿಯಾಗೈತಿ, ಪಾಪ ಅದೇನ್ ಮಾಡೀತು," ಎಂದ ಎರ್ರಪ್ಪ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಈರಕ್ಕನಿಗೆ, "ನನ್ನ ಮಂಚ ಪಡಸಾಲಿಗೆ ಹಾಕು. ಕಂಪ್ಯೂಟರು ನನ್ನ ಕೋಣ್ಯಾಗಿರ್ಲಿ," ಎಂದ.

ಈರಕ್ಕ ತುತ್ತು ಹಿಡಿದೇ ಅವನತ್ತ ನೋಡಿದಳು. ಎರಡು ವರ್ಷ ಯಾರು ಕರೆದರೂ ಆ ಕೋಣೆ ಬಿಟ್ಟು ಬಾರದವನು. "ಪಡಸಾಲ್ಯಾಗ ಮಂದಿ ಬಂದು ಹೋಗಿ ಮಾಡ್ತಾರ," ಎಂದಳು ಮೆಲ್ಲಗೆ.

"ಬರ್ಲಿ ಬಿಡು," ಎಂದ ಎರ್ರಪ್ಪ.

ಕೆಳಗಿನ ಆ ಕೋಣೆಗೆ ಮೊಳದಗಲದ ಕಲ್ಲಿನ ಗೋಡೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಶ್ರೀಲತಾಳ ಗಂಡ ಹರೀಶ್ ಕಂಪ್ಯೂಟರನ್ನು ಇಳಿಸಿಕೊಟ್ಟ. ಅದನ್ನು ಮೇಜಿನ ಗೂಡಿಗೆ ತುರುಕದೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಎರಡು ಇಟ್ಟಿಗೆಯ ಮೇಲಿಟ್ಟರು. ಅಂಗಡಿಯಿಂದ ಉಳಿದಿದ್ದ ಒಂದು ಎಕ್ಸಾಸ್ಟ್ ಫ್ಯಾನನ್ನು ಮೇಲಿನ ಬೆಳಕಿಂಡಿಗೆ ಕೂರಿಸಿದರು. ಡಬ್ಬಿಯ ಹಿಂಭಾಗದಿಂದ ಬೆಳಕಿಂಡಿಯವರೆಗೆ ರಟ್ಟು ಮಡಿಚಿ ಗಾಳಿಗೆ ದಾರಿ ಮಾಡಿದರು. ಎಲ್ಲಿ ಕತ್ತರಿಸಬೇಕೆಂದು ಎರ್ರಪ್ಪ ಬೆರಳಲ್ಲಿ ತೋರಿಸಿದ, ಈರಕ್ಕ ಕತ್ತರಿ ಹಿಡಿದಳು. ಬಿಸಿಗಾಳಿ ಹೊರಗೆ ಹೋದಂತೆ ಬಾಗಿಲ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬರತೊಡಗಿತು.

ಅಂದು ಸಂಜೆ ಕೆಲಸ ಮಾಡುತ್ತಿದ್ದಾಗ ಪಡಸಾಲೆಯಿಂದ ಗಳಿಗೆಗೊಮ್ಮೆ ಪ್ರಶ್ನೆ ಬರುತ್ತಿತ್ತು.

"ಎಷ್ಟೈತವಾ?"

"ಅರವತ್ತೆಂಟು, ಮಾವ."

ಇನ್ನಷ್ಟು ಹೊತ್ತಿನ ಮೇಲೆ ಮತ್ತೆ, "ಈಗ?"

"ಅರವತ್ತೈದು."

ಆ ವಾರವೆಲ್ಲ ಅದು ಒಮ್ಮೆಯೂ ಆರಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಪಾಠ ಮುಗಿದವು. ಉಳಿದೊಂದನ್ನು ಶ್ರೀಲತಾ ಕರಿಹಲಗೆಯ ಮೇಲೆ ಬರೆದುಕೊಟ್ಟಳು. ಪರೀಕ್ಷೆಗೆ ಐದು ದಿನ ಮುಂಚೆ ಇಪ್ಪತ್ತಮೂರು ಮಕ್ಕಳ ಕೈಗೂ ಕನ್ನಡದ ಪ್ರಶ್ನೆಗಳು ಸೇರಿದವು. ಒಬ್ಬ ಹುಡುಗಿ ಹಾಳೆ ತಿರುವಿ, "ಎಲ್ಲಾ ನಮ್ಮ ಭಾಷೆದಾಗ ಐತ್ರಿ ಟೀಚರ್," ಎಂದು ಪಕ್ಕದವಳಿಗೂ ತೋರಿಸಿದಳು.

ಸುದ್ದಿ ಮುಖ್ಯೋಪಾಧ್ಯಾಯಿನಿ ಗುರುಶಾಂತಮ್ಮನವರ ಕಿವಿಗೂ ಬಿತ್ತು. ಶಾಲೆಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು, ಬೇಸಿಗೆ ಬಂತೆಂದರೆ ಅವುಗಳಲ್ಲಿ ಎರಡು ಶುರುವೇ ಆಗುತ್ತಿರಲಿಲ್ಲ. ಅವರು ಎರ್ರಪ್ಪನಿಗೇ ಫೋನ್ ಮಾಡಿದರು. "ನೀವೊಮ್ಮೆ ಬಂದು ನೋಡ್ರಿ ಎರ್ರಪ್ಪನೋರೆ."

"ನನ್ನ ಕೈ ನಡುಗ್ತಾವ್ರಿ," ಎಂದ ಅವನು. ಅದನ್ನು ಅವನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಕೈ ನಮ್ಮಲ್ಲಿ ಬೇಕಾದಷ್ಟು ಅದಾವ್ರಿ. ನೀವು ಹೇಳಾಕ ಬರ್ರಿ."

ಎರ್ರಪ್ಪ ಫೋನ್ ಇಟ್ಟು ಪಡಸಾಲೆಯ ಮಂಚದ ಮೇಲೆ ಕೂತ. ಈರಕ್ಕ ಟೀ ತಂದಳು. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು, ಬಾಗಿಲಾಚೆ ಓಡಾಡುವವರನ್ನು ನೋಡುತ್ತಲೇ ಕುಡಿದ. ಆಮೇಲೆ ಸೊಸೆಯನ್ನು ಕರೆದು, ಬೊಮ್ಮನಹಾಳಿಗೆ ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸಿನಲ್ಲಿ ಕೂಡಲು ಜಾಗ ಸಿಗುತ್ತದೆಂದು ಕೇಳಿದ.