ಕುತ್ತಿಗೆಯ ನರ

ಭಾವಮೈದುನನ ಎರಡು ಹೆಬ್ಬೆರಳುಗಳು ಕಿವಿಯ ಕೆಳಗೆ ಬಂದು ಕೂತಾಗ ಬೀಗದಣ್ಣನಿಗೆ ಜೀವ ಬಾಯಿಗೆ ಬಂತು.

"ಭಾವ, ಸ್ವಲ್ಪ ಸಡಿಲ ಬಿಡಿ. ಹೀಗೆ ಕಂಬದ ಥರ ಕೂತ್ರೆ ನರ ಹೇಗೆ ಬಿಡುತ್ತೆ?"

"ಸಾಕು ಬಿಡೋ. ಈಗ ಪರವಾಗಿಲ್ಲ."

"ಇನ್ನೂ ಶುರುನೇ ಮಾಡಿಲ್ಲ, ಆಗ್ಲೇ ಪರವಾಗಿಲ್ಲವಂತೆ," ಎಂದು ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ನಕ್ಕಳು. ಭಾನುವಾರ ಬೆಳಿಗ್ಗೆಯೇ ತಮ್ಮನನ್ನು ಕರೆಸಿದವಳು ಅವಳು. ಕ್ಷೌರದಂಗಡಿಯ ಈ ತಮ್ಮ ತಲೆ ತಿಕ್ಕಿ, ಕುತ್ತಿಗೆ ಉಜ್ಜಿ, ಕೊನೆಗೆ ಗದ್ದ ಹಿಡಿದು ಲಟಕ್ಕನೆ ತಿರುಗಿಸುವುದರಲ್ಲಿ ಎತ್ತಿದ ಕೈ.

ತಪ್ಪು ಬೀಗದಣ್ಣನದೇ. ಹೋದ ವಾರ ರಸ್ತೆಬದಿಯ ಬೀಗ ರಿಪೇರಿ ಅಂಗಡಿಯಲ್ಲಿ ಅರ್ಧ ಕೊರೆದ ಕೀಲಿಕೈ ಅವನ ಬೆರಳಿಂದ ತಾನಾಗಿ ಜಾರಿ ಬಿದ್ದಿತ್ತು. ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಚೀಲಗಳಿಗೆ ಜಿಪ್ ಹಾಕುವ ಹೆಂಡತಿ, "ಕೈಗೂ ವಯಸ್ಸಾಯ್ತು" ಎಂದು ಎತ್ತಿಕೊಟ್ಟಳು. ಐದು ನಿಮಿಷ ಬಲಗೈ ಅವನ ಮಾತೇ ಕೇಳಲಿಲ್ಲ. ಮಾರನೆಯ ದಿನ ಸಾಮಾನು ತರುವ ನೆಪ ಹೇಳಿ ಒಬ್ಬನೇ ಆಸ್ಪತ್ರೆಗೆ ಹೋದ.

ಡಾಕ್ಟರು ಕುತ್ತಿಗೆಗೆ ತಣ್ಣನೆಯದೇನನ್ನೋ ಸವರಿ, ಯಂತ್ರ ಆಡಿಸಿ, ಪರದೆ ತೋರಿಸಿದರು. "ಇದು ಮಿದುಳಿಗೆ ಹೋಗೋ ರಕ್ತನಾಳ. ಒಳಗೋಡೆಗೆಲ್ಲ ಜಿಡ್ಡು ಕಟ್ಟಿದೆ. ಬೀಡಿ, ಸಿಗರೇಟು?"

"ಮುಟ್ಟಿದವನಲ್ಲ."

"ಕೆಲಸ ಎಲ್ಲಿ?"

"ಮೇಲ್ಸೇತುವೆ ಕೆಳಗೆ, ಸಿಗ್ನಲ್ ಪಕ್ಕ. ಇಪ್ಪತ್ಮೂರು ವರ್ಷ ಆಯ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಗಾಡಿ ಹೊಗೆ ಎದೆಗೂಡಿಗಷ್ಟೇ ಅಂದ್ಕೊಂಡಿರ್ತಾರೆ ಎಲ್ರೂ. ಅದರ ಸಣ್ಣ ಧೂಳು ರಕ್ತಕ್ಕೂ ಇಳಿಯುತ್ತೆ. ಇಷ್ಟು ವರ್ಷ ಆ ಹೊಗೆ ಕುಡಿದಿದ್ದೀರಲ್ಲ, ಅದೂ ಒಂದು ಕಾರಣ. ಮಾತ್ರೆ ತಪ್ಪಿಸ್ಬೇಡಿ. ಕುತ್ತಿಗೆ ಉಜ್ಜಿಸೋದು, ತಿರುಗಿಸೋದು ಮಾತ್ರ ಬೇಡವೇ ಬೇಡ. ಜಿಡ್ಡಿನ ಒಂದು ಚೂರು ಕಿತ್ಕೊಂಡು ಮಿದುಳಿಗೆ ಹೋದ್ರೆ ಜೀವಕ್ಕೇ ಕಷ್ಟ."

ಮನೆಗೆ ಬಂದವನು "ಏನೋ ಕುತ್ತಿಗೆ ನರದ್ದಂತೆ" ಎಂದುಬಿಟ್ಟ. ಆ ಮನೆಯಲ್ಲಿ ಚರ್ಮದ ಕೆಳಗೆ ಓಡುವುದೆಲ್ಲ ನರವೇ. ರಕ್ತ ಹರಿಯುವುದೂ ನರ, ಉಳುಕಿದರೆ ಹಿಡಿಯುವುದೂ ನರ, ಸಿಟ್ಟು ಬಂದಾಗ ಹಣೆಯ ಮೇಲೆ ಉಬ್ಬುವುದೂ ನರ. ರಕ್ತನಾಳ ಎಂಬ ಪುಸ್ತಕದ ಮಾತು ಅವನ ನಾಲಿಗೆಗೆ ಒಗ್ಗಲಿಲ್ಲ. ನಿಜ ಹೇಳಬೇಕೆಂದರೆ, ಹೇಳುವ ಧೈರ್ಯವೂ ಇರಲಿಲ್ಲ. ನರ ಎಂದರೆ ಹೆಂಡತಿ ಹೆದರುವುದಿಲ್ಲ, ಎಣ್ಣೆ ಬಿಸಿ ಮಾಡುತ್ತಾಳೆ. ಹಾಗೆಯೇ ಆಯಿತು.

ಈಗ ಒಂದು ಅಂಗೈ ಗದ್ದದ ಕೆಳಗೆ, ಇನ್ನೊಂದು ತಲೆಯ ಹಿಂದೆ. "ಉಸಿರು ಬಿಡಿ ಭಾವ. ಮೂರು ಎಣಿಸ್ತೀನಿ. ಒಂದು."

ಬೀಗದಣ್ಣ ಡಾಕ್ಟರ ಮಾತನ್ನೇ ಯೋಚಿಸಿದ. ಆ ಚೂರು ಎಲ್ಲಿ ಅಂಟಿದೆಯೋ, ಎಷ್ಟು ಗಟ್ಟಿಯಾಗಿ ಅಂಟಿದೆಯೋ.

"ಎರಡು."

ಅವನು ಭಾವಮೈದುನನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಬೇಡ ಕಣೋ. ಸತ್ತೋಗ್ತೀನಿ."

"ಇಷ್ಟಕ್ಕೆಲ್ಲ ಯಾರಾದ್ರೂ ಸಾಯ್ತಾರಾ?" ಎಂದು ನಗಲು ಹೊರಟವನು ಭಾವನ ಮುಖ ನೋಡಿ ಗದ್ದದ ಹಿಡಿತ ಬಿಟ್ಟ. ಬೀಗದಣ್ಣ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟ: ಬಿದ್ದ ಕೀಲಿಕೈ, ಪರದೆ, ಜಿಡ್ಡು, ಹೊಗೆ. ಭಾವಮೈದುನ ಎಣ್ಣೆಗೈಗಳನ್ನು ಮೈಯಿಂದ ದೂರ ಹಿಡಿದು ಗೋಡೆಗೆ ಒರಗಿದ.

ಹೆಂಡತಿ ಬೈಯಲಿಲ್ಲ. ಟವೆಲ್ ತಂದು, ಹಸುಗೂಸಿನ ಮೈ ಒರೆಸುವ ಹಾಗೆ ಒತ್ತದೆ ಅವನ ಕುತ್ತಿಗೆಯ ಎಣ್ಣೆ ಒರೆಸಿದಳು.

"ಹೊಗೆಯಿಂದ ಅಂದ್ರಾ?"

"ಹೂಂ."

"ರಸ್ತೆ ಹೊಗೆನಾ?"

"ಹೂಂ."

"ನಾನೂ ಅಲ್ಲೇ ಕೂತಿದ್ದೀನಲ್ಲ."

ಅವಳು ಎರಡು ಬೆರಳನ್ನು ತನ್ನ ಕಿವಿಯ ಕೆಳಗೆ ಒಯ್ದಳು. ಅಲ್ಲಿ ಮಿಡಿಯುತ್ತಿದ್ದುದು ತಾಗಿದ ಕೂಡಲೇ, ಒತ್ತಿಬಿಟ್ಟೆನೇನೋ ಎಂಬಂತೆ ಮೆಲ್ಲಗೆ ತೆಗೆದಳು.