ಸಕ್ಕರೆಯ ನಾಲ್ಕು ತುಂಡು

ಜಗತ್ತಿನಲ್ಲಿ ಜಾಮ್ ಮಾಡುವವರು ಲಕ್ಷ ಜನ ಇರಬಹುದು. ಜಾಮ್ ಬಾಟಲಿಯ ಲೇಬಲ್ ಬರೆಯಬಲ್ಲವನು ನಾನೊಬ್ಬನೇ. ಉಳಿದವರದು ಬರೀ ಗೀಚಾಟ. ನನ್ನ ಲೇಬಲ್ ಓದಿ ಹಲ್ಲಿಲ್ಲದ ಮುದುಕರು ಬ್ರೆಡ್ ಹುಡುಕಿಕೊಂಡು ಓಡಿದ್ದಾರೆ.

ಹೆಚ್ಚು ತೂಗುವ ಪದಾರ್ಥವನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಕೆಂಬುದು ನಿಯಮ. ನಮ್ಮ ಕಾರ್ಖಾನೆಯ ಜಾಮ್‌ನಲ್ಲಿ ಸಕ್ಕರೆಯೇ ಹೆಚ್ಚು. ಸಕ್ಕರೆ ಮೊದಲು ಬಂದರೆ ಕೊಳ್ಳುವವರು ಯಾರೆಂದು ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಚಹಾ ಆರುವುದರೊಳಗೆ ನಾನು ದಾರಿ ತೋರಿಸಿದೆ. ಸಕ್ಕರೆಯನ್ನು ಇಪ್ಪತ್ತಕ್ಕೆ ಇಳಿಸಿ ಗ್ಲೂಕೋಸ್ ಪಾಕ ಹದಿನೆಂಟು, ದ್ರಾಕ್ಷಿಯ ಸಾಂದ್ರರಸ ಹದಿನೈದು, ಜೇನು ಹತ್ತು ಸುರಿಸಿದೆ. ನೂರಕ್ಕೆ ಬರೀ ಮೂವತ್ತಿದ್ದ ಸ್ಟ್ರಾಬೆರಿ ಮಹಾರಾಜನಂತೆ ಮೊದಲ ಸಾಲಿಗೆ ಬಂದು ಕೂತಿತು! ಅಂಕಿಗಳನ್ನು ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣದಾಗಿ ಅಚ್ಚು ಹಾಕಿಸಿದೆ.

ನಮ್ಮ ಜೊತೆಗಿರುವ ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಜಗಳವಾಡಬಲ್ಲರು; ಡಾಕ್ಟರ ಸೂಜಿ ಕಂಡರೆ ಮಾತ್ರ ಮಂಚದಡಿ ಸೇರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ. ತಿಂಗಳೊಳಗೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಲೇಬೇಕೆಂದು ಡಾಕ್ಟರು ಹೇಳಿಬಿಟ್ಟರು.

"ಸಿಹಿ ಮುಟ್ಟೇ ಇಲ್ಲ ಕಣೇ," ಅತ್ತೆ ಮಗಳ ಮುಂದೆ ಕಣ್ಣೊರೆಸಿಕೊಂಡರು. "ಬೆಳಿಗ್ಗೆ ಬ್ರೆಡ್ಡಿಗೆ ಅಳಿಯಂದ್ರ ಜಾಮ್ ಅಷ್ಟೇ. ಅದರಲ್ಲಿ ಹಣ್ಣೇ ಜಾಸ್ತಿ, ಅವರೇ ಬರೆದಿದಾರಲ್ಲ."

ಹೆಂಡತಿ ನನ್ನನ್ನು ನೋಡಿದಳು. ನಾನು ಚಾವಣಿ ನೋಡಿದೆ. ಚಾವಣಿಯನ್ನು ಅಷ್ಟು ಚೆನ್ನಾಗಿ ಇದುವರೆಗೆ ಯಾರೂ ನೋಡಿಲ್ಲ.

ಅತ್ತೆಗೆ ಅನುಮಾನ ಬಂತು. ಕನ್ನಡಕ ಏರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬಾಟಲಿಯ ಅಂಕಿಗಳನ್ನು ಮೇಜಿನ ಮೇಲೆ ಬರೆದುಕೊಂಡರು.

"ಅಳಿಯಂದ್ರೇ, ಈ ಗ್ಲೂಕೋಸ್ ಪಾಕ ಅಂದ್ರೇನು?"

"ಅದು... ಒಂಥರಾ ಪಾಕ ಅತ್ತೆ."

"ಸಿಹಿನೋ, ಕಹಿನೋ?"

"ಸಿಹೀನೇ."

"ಸಾಂದ್ರರಸ?"

"ಅದು ಹಣ್ಣಿಂದಲೇ ಬರೋದು ಅತ್ತೆ, ಪ್ರಕೃತಿ ಕೊಟ್ಟ—"

"ಸಿಹಿನೋ, ಕಹಿನೋ?"

ಜೇನಿನ ವಿಷಯ ಅವರು ಕೇಳಲೇ ಇಲ್ಲ. "ಎಲ್ಲಾ ಸೇರಿ ಅರವತ್ಮೂರು. ಒಂದೇ ಬಟ್ಟೇನ ನಾಲ್ಕು ತುಂಡು ಮಾಡಿಟ್ಟಿದೀರಿ. ತುಂಡು ಕೂಡಿಸೋದು ನಂಗೆ ಗೊತ್ತಿಲ್ವಾ? ಬನ್ನಿ, ನಿಂತ್ಕೊಳ್ಳಿ, ನಿಮ್ಮ ಪ್ಯಾಂಟಿನ ಅಳತೆ ಬಾಕಿ ಇದೆ."

ನನ್ನ ಸೊಂಟ ಮೂವತ್ತೆರಡೆಂದು ಮದುವೆಯಾದಾಗಿನಿಂದ ಊರಿಗೆಲ್ಲ ಸಾರಿದ್ದೇನೆ. ಅತ್ತೆ ಟೇಪು ಹಿಡಿದು ಮಗಳ ಕೈಲಿ ಬರೆಸಿದರು: "ಮುಂದೆ ಹದಿನಾಲ್ಕು, ಹಿಂದೆ ಹದಿನಾಲ್ಕು, ಎಡಕ್ಕೆ ಎಂಟು, ಬಲಕ್ಕೆ ಎಂಟು. ನೋಡೇ, ಯಾವುದೂ ಹದಿನೈದು ದಾಟಿಲ್ಲ. ನಿನ್ನ ಗಂಡ ಹಂಚಿಕಡ್ಡಿ!"

ಹೆಂಡತಿ ನಕ್ಕ ನಗುವಿಗೆ ಮೂರು ಬೀದಿಯ ನಾಯಿಗಳು ಬೊಗಳಿದವು. ಅತ್ತೆ ಮಾತ್ರ ನಗಲಿಲ್ಲ. ಬಾಟಲಿ ನನ್ನ ಕೈಗಿಟ್ಟು, "ನಿಮ್ಮನ್ನ ನಂಬಿ ತಿಂದೆ," ಎಂದರು.

ಮರುದಿನ ಹೊಸ ಲೇಬಲ್ ಬರೆದೆ: 'ಸಿಹಿಯೆಲ್ಲ ಸೇರಿ ನೂರಕ್ಕೆ ಅರವತ್ತಮೂರು.' ಒಂದೊಂದು ಅಕ್ಷರ ಕುಂಬಳಕಾಯಿ ಗಾತ್ರ. ಮಾಲೀಕರು ಅದನ್ನು ಹರಿದು, ನನ್ನನ್ನು ಬಾಟಲಿ ತೊಳೆಯುವ ಕಡೆಗೆ ಕಳಿಸಿದರು. ನನ್ನಷ್ಟು ಚೆನ್ನಾಗಿ ಬಾಟಲಿ ತೊಳೆಯುವವರು ಭೂಮಿಯ ಮೇಲಿಲ್ಲ.

ತಿಂಗಳಿಡೀ ಅತ್ತೆ ಒಣ ಬ್ರೆಡ್ ತಿಂದರು. ಎದುರಿಗೆ ಕೂರಿಸಿ ನನಗೂ ತಿನ್ನಿಸಿದರು. ಸಕ್ಕರೆ ಇಳಿಯಿತು. ಸದ್ಯಕ್ಕೆ ಸೂಜಿ ಬೇಡ ಎಂದರು ಡಾಕ್ಟರು.

ಆ ಸೂಜಿ ತಪ್ಪಿಸಿದವನು ನಾನೇ. ಬೇಕಾದರೆ ಅತ್ತೆಯನ್ನೇ ಕೇಳಿ. ಬೇಡ, ಕೇಳಬೇಡಿ.